ರಾಣಿಯ ಮುಖವನ್ನು ಹರಿತ ಮಾಡಿದ್ದು

ಇದನ್ನು ಬರೆಯಬೇಕೆಂದು ಕೂತು, ಕನ್ನಡಕ ಒರೆಸಿ, ಮತ್ತೆ ಎದ್ದು ಹೋಗಿ ತೆಂಗಿನ ಬುಡಕ್ಕೆ ನೀರು ಬಿಟ್ಟು ಬಂದದ್ದು ಎಷ್ಟು ಸಲವೋ. ಈ ವರ್ಷ ನಮ್ಮ ಮರಗಳು ಕಾಯಿ ಬಿಟ್ಟ ರೀತಿ ನೋಡಿ ಊರವರು ಗೊಬ್ಬರ ಯಾವುದೆಂದು ಕೇಳುತ್ತಾರೆ. ಸೋಮಾರಿತನ ಎಂದು ಹೇಳುವುದು ಹೇಗೆ? ಮುದುಕನೊಬ್ಬ ತಪ್ಪೊಪ್ಪಿಕೊಳ್ಳುತ್ತಾನೆಂದರೆ ಗಡಿಕಲ್ಲು ಕಿತ್ತದ್ದೋ, ಸುಳ್ಳು ಸಾಕ್ಷಿ ಹೇಳಿದ್ದೋ ಇರಬೇಕೆಂದು ನೀವು ಕಾದಿರಬಹುದು. ನನ್ನದು ಅಷ್ಟು ದೊಡ್ಡದಲ್ಲ. ನಾನು ಒಂದು ಫೋಟೊವನ್ನು ಸಣ್ಣದು ಮಾಡಿದೆ, ಆಮೇಲೆ ಹರಿತ ಮಾಡಿದೆ. ಅಷ್ಟಕ್ಕೇ ಒಬ್ಬ ಮನುಷ್ಯ ವೇಷ ಕಟ್ಟುವುದನ್ನು ಬಿಟ್ಟ.

ಕುಂದಾಪುರದ ಗೇರುಬೀಜ ಕಾರ್ಖಾನೆಯಲ್ಲಿ ಬೀಜ ವಿಂಗಡಿಸುವ ಮೇಜಿನ ಉಸ್ತುವಾರಿ ನೋಡಿಕೊಂಡು ನಿವೃತ್ತನಾದವನು ನಾನು. ಓದಿದ್ದು ಹೈಸ್ಕೂಲು. ಮನೆಯಲ್ಲಿ ಕೂತು ಹೆಂಡತಿಯ ಅಡುಗೆಯನ್ನೂ ವಿಂಗಡಿಸಲು ಶುರು ಮಾಡಿದಾಗ, ಅವಳು ತನ್ನ ಅಣ್ಣನ ಮಗಳು ವೀಣಾಳಿಗೆ ಫೋನು ಮಾಡಿ, "ನಿನ್ನ ಮಾವಯ್ಯನಿಗೆ ಎಂತಾರೂ ಕಲ್ಸ್ ಮಾರಾಯ್ತಿ, ನಂಗೆ ಸಾಕಾಯ್ತ್" ಎಂದಳು. ವೀಣಾ ತನ್ನ ಹಳೆಯ ಕಂಪ್ಯೂಟರ್ ತಂದಿಟ್ಟು ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಮಾಡುವುದನ್ನು ಕಲಿಸಿದಳು. ಫೋಟೊ ನಡುವೆ ಇಟ್ಟು, ಸುತ್ತ ಬಣ್ಣದ ಕಾಗದ, ರಿಬ್ಬನ್ನು, ಒಣಗಿದ ಹೂವು ಅಂಟಿಸಿದ ಆಲ್ಬಮ್ಮಿನ ಪುಟ. ಎಲ್ಲವೂ ಪರದೆಯ ಮೇಲೇ. ಗೋಂದಿಲ್ಲ, ಕತ್ತರಿಯಿಲ್ಲ, ಆದರೂ ಊಟಕ್ಕೆ ಕರೆದಾಗ ಏಳಲಾಗದಷ್ಟು ಅಂಟು.

ಪುಟವನ್ನು ಹಾಗೆಯೇ ಹಂಚಿದರೆ ಫೈಲು ಭಾರವಾಗುತ್ತದೆ. ಅದಕ್ಕೆ ಸಣ್ಣದು ಮಾಡಬೇಕು. ಸಣ್ಣದು ಮಾಡಿದರೆ ಸ್ವಲ್ಪ ಮಂಜಾಗುತ್ತದೆ. ಅದಕ್ಕೆ ಹರಿತ ಮಾಡಬೇಕು, ಶಾರ್ಪನ್ ಅಂತ ಇರುತ್ತದೆ. "ಮಾವಯ್ಯ, ಮೊದ್ಲು ಒಂದ್ ಪ್ರತಿ ಬೇರೆ ತೆಗ್ದ್ ಇಡಿ. ಹರಿತ ಮಾಡುದು ಉಪ್ಪು ಹಾಕ್ದಾಂಗೆ, ಚೂರೇ ಚೂರು" ಎಂದು ವೀಣಾ ಹೇಳಿದ್ದಳು. ರಕ್ತದೊತ್ತಡದವನಿಗೆ ಉಪ್ಪಿನ ಮಾತು ಕೇಳಿದರೇ ಆಸೆ ಹೆಚ್ಚು.

ನಮ್ಮ ಹವ್ಯಾಸಿ ಯಕ್ಷಗಾನ ತಂಡದ ವಾಟ್ಸ್ಯಾಪ್ ಗುಂಪಿಗೆ ಆಟದ ಪುಟ ಮಾಡಿ ಹಾಕುವುದು ನನ್ನ ಕೆಲಸವಾಯಿತು. ಮೊದಲು ಮಾಡಿದ್ದು ಒಂದು ರಾಕ್ಷಸ ವೇಷ. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದಾಗಿ ಇಟ್ಟ ಬಿಳಿ ಚಿಟ್ಟಿಗಳು ಹರಿತ ಮಾಡಿದಷ್ಟೂ ಮುಳ್ಳಿನ ಹಾಗೆ ಎದ್ದು ನಿಂತವು. ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅಂದಿನಿಂದ ಆ ಅಳತೆಯೇ ನನಗೆ ಶಾಸ್ತ್ರ. ರಾಕ್ಷಸನಿಗೆ ಒಪ್ಪಿದ್ದು ಯಾರಿಗೆ ಒಪ್ಪಲಿಕ್ಕಿಲ್ಲ?

ಬೈಂದೂರಿನ ಆಟದಲ್ಲಿ ನನ್ನ ಗೆಳೆಯನದು ರಾಣಿಯ ವೇಷ. ಬ್ರಹ್ಮಾವರದವನು, ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತವನು, ಈಗ ಮೊಮ್ಮಕ್ಕಳಿರುವವನು. ಆದರೆ ಸೀರೆ ಉಟ್ಟು, ಮುಡಿ ಕಟ್ಟಿ ರಂಗಕ್ಕೆ ಬಂದರೆ ಮುಂದಿನ ಸಾಲಿನ ಹೆಂಗಸರೂ ತಮ್ಮ ಸೆರಗು ಸರಿಮಾಡಿಕೊಳ್ಳುತ್ತಾರೆ. ಅವನ ಪುಟಕ್ಕೆ ನಾನು ಮಲ್ಲಿಗೆಯ ಅಂಚು ಹಾಕಿದೆ, ಸಣ್ಣದು ಮಾಡಿದೆ, ರಾಕ್ಷಸನ ಅಳತೆಯಲ್ಲೇ ಹರಿತ ಮಾಡಿದೆ. ಮಲ್ಲಿಗೆ ಎಷ್ಟು ಚೆನ್ನಾಗಿ ಬಂತೆಂದರೆ ನಾನು ಮುಖ ನೋಡಲೇ ಇಲ್ಲ. ಗುಂಪಿಗೆ ಹಾಕಿದೆ.

"ಹ್ವಾಯ್, ರಾಣಿಗೆ ಗಡ್ಡ ಬಂದಿತ್ತಲೆ!"

"ಬೈಂದೂರಗೆ ಬ್ಲೇಡ್ ಸಿಕ್ಕುದಿಲ್ಯಾ?"

"ರಾಜ ಎಲ್ಲಿ? ಓಡಿ ಹೋದ್ನಾ?"

ಮುಂಬಯಿಯ ಹೋಟೆಲಿನಲ್ಲಿರುವ ಒಬ್ಬ, "ಏಕ್ದಮ್ ಕಡಕ್ ರಾಣಿ" ಎಂದು ಬರೆದು ಇನ್ನೂ ನಾಲ್ಕು ಗುಂಪಿಗೆ ದಾಟಿಸಿದ. ನಾನು ಪುಟ ದೊಡ್ಡದು ಮಾಡಿ ನೋಡಿದೆ. ಬಣ್ಣದಡಿಯಲ್ಲಿ ಕಣ್ಣಿಗೆ ಕಾಣದಿದ್ದ ರೋಮದ ಬುಡಗಳೆಲ್ಲ ರಾಗಿ ಚೆಲ್ಲಿದ ಹಾಗೆ ಎದ್ದು ಕೂತಿದ್ದವು. ಹೆಂಡತಿ ಹಿಂದಿನಿಂದ ಇಣುಕಿ, "ಅಯ್ಯಬ್ಯಾ, ಅವ್ರ ಮುಖ ಎಂತ ಮಾಡಿ ಇಟ್ರಿ?" ಎಂದಳು.

ಮರುದಿನ ಗೆಳೆಯ ಬಸ್ಸು ಹಿಡಿದು ಮನೆಗೇ ಬಂದ. ಸಿಟ್ಟಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ಚಾ ಕುಡಿಯದೆ ಲೋಟ ತಿರುಗಿಸುತ್ತ, "ನಾನ್ ಎರಡೆರಡ್ ಸರ್ತಿ ಚೌರ ಮಾಡ್ಕಂಡಿದ್ದೆ ಮಾರಾಯಾ. ನಿನ್ನತ್ರ ದೊಡ್ಡ ಫೋಟೊ ಇತ್ತಲೆ, ಅದನ್ನ್ ಗುಂಪಿಗೆ ಹಾಕ್. ಅವ್ರೇ ಕಾಣ್ಲಿ" ಎಂದ.

ದೊಡ್ಡ ಫೋಟೊ ಎಲ್ಲಿತ್ತು? ಬೇರೆ ಪ್ರತಿ ತೆಗೆದಿಡದೆ, ಸಣ್ಣದು ಮಾಡಿದ್ದನ್ನು ಅದರ ಮೇಲೆಯೇ ಉಳಿಸಿಬಿಟ್ಟಿದ್ದೆ. ಹಾಗೆಂದು ಹೇಳಿದರೆ ಮುಗಿಯುತ್ತಿತ್ತು. ಆದರೆ ಗುಂಪಿನವರೆಲ್ಲ ನನ್ನನ್ನು ಕಂಪ್ಯೂಟರ್ ಪಂಡಿತ ಎಂದು ನಂಬಿದ್ದ ಕಾಲ ಅದು. ನನ್ನ ಬಾಯಿ ತಾನಾಗಿಯೇ, "ದೊಡ್ಡದ್ರಗೂ ಹಾಂಗೇ ಇತ್ತ್ ಮಾರಾಯಾ. ನಾ ಎಂತದೂ ಮಾಡ್ಲಿಲ್ಲ. ಇದ್ದದ್ದೇ ಕಂಡದ್ದ್" ಎಂದಿತು.

ಅವನು ಗಲ್ಲದ ಮೇಲೆ ಕೈಯಾಡಿಸಿಕೊಂಡ. "ಹಾಂಗಾರೆ ಪ್ರಾಯ ಆಯ್ತ್ ಅಂದೇಳಿ ಆಯ್ತ್. ಇನ್ ಸಾಕ್" ಎಂದು ನಕ್ಕ. ಮುಂದಿನ ಆಟಕ್ಕೆ ರಾಣಿಯ ಸೀರೆಯನ್ನು ಬೇರೆಯವರಿಗೆ ಉಡಿಸಲು, ವೇಷ ಕಟ್ಟುವ ಚೌಕಿಯಲ್ಲಿ ಬಾಯಲ್ಲಿ ಪಿನ್ನು ಕಚ್ಚಿಕೊಂಡು ನಿಂತಿದ್ದ. ಹೊಸ ರಾಣಿ ಬಂದಾಗ ಯಾವ ಹೆಂಗಸೂ ಸೆರಗು ಮುಟ್ಟಿಕೊಳ್ಳಲಿಲ್ಲ.

ಈಗ ನಾನು ಹರಿತ ಮಾಡುವುದು ಚೂರೇ ಚೂರು. ಪ್ರತಿ ಬೇರೆ ಇಡುತ್ತೇನೆ. ಹಂಚುವ ಮೊದಲು ಮುಖ ನೋಡುತ್ತೇನೆ, ಮಲ್ಲಿಗೆ ಆಮೇಲೆ. ಗುಂಪಿನವರಿಗೆ ಈ ಬಗ್ಗೆ ಉದ್ದದ ಪಾಠವನ್ನೂ ಹೇಳಿದ್ದೇನೆ; ಎಲ್ಲಿ ಕಲಿತೆ ಎಂಬುದೊಂದನ್ನು ಬಿಟ್ಟು. ಇದನ್ನೂ ಅದೇ ಗುಂಪಿಗೆ ಹಾಕುವವನಿದ್ದೇನೆ. ನಮ್ಮ ಗುಂಪಿನಲ್ಲಿ ಇಷ್ಟುದ್ದದ್ದನ್ನು ಕೊನೆಯವರೆಗೆ ಓದುವವರಿಲ್ಲ ಎಂಬ ಧೈರ್ಯದಿಂದಲೇ ಗೆಳೆಯನ ಹೆಸರನ್ನು ಇಷ್ಟು ಕೆಳಗೆ ಇಟ್ಟಿದ್ದೇನೆ. ನಾನು ಹಾಕಿದ್ದನ್ನೆಲ್ಲ ಪೂರ್ತಿ ಓದಿ ಹೆಬ್ಬೆರಳು ಎತ್ತುವವನು ಒಬ್ಬನೇ ಒಬ್ಬ, ಬ್ರಹ್ಮಾವರದ ಶೀನ.