ನನ್ನ ಒಂದು ಕೆಮ್ಮು

ಕೆಲವರಿಗೆ ಹೊಲದ ಹೆಮ್ಮೆ, ಕೆಲವರಿಗೆ ಮೀಸೆಯ ಹೆಮ್ಮೆ. ನನಗೆ ಇದ್ದದ್ದು ಕೆಮ್ಮಿನ ಹೆಮ್ಮೆ. ನಗುವುದಾದರೆ ಧಾರಾಳವಾಗಿ ನಗಿ, ನಮ್ಮ ಮನೆಯಲ್ಲಂತೂ ಸದ್ಯಕ್ಕೆ ಆ ಕೆಲಸ ಮಾಡುವವರು ಯಾರೂ ಇಲ್ಲ. ನಾನು ರಂಗಂಪೇಟೆಯ ಒಂದು ಶಾಲೆಯಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಮಾಸ್ತರನಾಗುವ ಆಸೆಯಿತ್ತು, ಅದು ಗಂಟೆ ಬಾರಿಸುವುದಕ್ಕೇ ನಿಂತಿತು. ಆದರೆ ಮಾಸ್ತರರಿಗೂ ಇಲ್ಲದ ಒಂದು ವಿದ್ಯೆ ನನಗೆ ಒಲಿದಿತ್ತು. ಯಾವ ತರಗತಿಯಲ್ಲಿ ಎಷ್ಟೇ ಗದ್ದಲವಿರಲಿ, ನಾನು ಬಾಗಿಲ ಬಳಿ ನಿಂತು ಒಮ್ಮೆ ಕೆಮ್ಮಿದರೆ ಸಾಕು, ಒಳಗೆ ಸೊಳ್ಳೆ ಹಾರಿದರೂ ಕೇಳಿಸುತ್ತಿತ್ತು. ಯಾವ ಮಗುವಿಗೂ ನಾನು ಕೈ ಎತ್ತಿದವನಲ್ಲ. ಎತ್ತುವ ಅಗತ್ಯವೇ ಬೀಳಲಿಲ್ಲ. ನಿವೃತ್ತಿಯ ನಂತರ ಗಂಟೆಯನ್ನು ಶಾಲೆಗೆ ಒಪ್ಪಿಸಿದೆ, ಕೆಮ್ಮನ್ನು ಮನೆಗೆ ತಂದೆ. ನಮ್ಮ ಓಣಿಯಲ್ಲಿ ನಮ್ಮದೇ ಶಾಂತವಾದ ಮನೆ ಎಂದು ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ಮಾತ್ರ ಪಕ್ಕದ ಮನೆಯವಳ ಹತ್ತಿರ, "ನಮ್ಮ ಯಜಮಾನ್ರು ಕೆಮ್ಮಿದ್ರ ಬೆಕ್ಕು ಸೈತ ಹಾಲಿನ ಬಟ್ಟಲಾ ಬಿಟ್ಟು ಓಡ್ತದವ್ವ" ಎನ್ನುತ್ತಿದ್ದಳು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ನನ್ನ ಮೊಮ್ಮಗಳು ರೇಣುಕಾ ನಮ್ಮ ಮನೆಯಲ್ಲೇ ಇದ್ದು ಶಹಾಪುರದಲ್ಲಿ ಬಿ.ಎಡ್. ಓದುತ್ತಿದ್ದಳು. ನನ್ನಲ್ಲಿ ನಿಂತುಹೋದ ಆಸೆ ಅವಳಲ್ಲಿ ಮುಂದೆ ಸಾಗುತ್ತಿದೆ ಎಂಬ ಹಿಗ್ಗು ನನಗೆ. ಕೊನೆಯ ವರ್ಷದಲ್ಲಿ ಅವರ ಕಾಲೇಜಿಗೂ ಡೆನ್ಮಾರ್ಕಿನ ಒಂದು ಶಿಕ್ಷಕರ ಕಾಲೇಜಿಗೂ ಒಪ್ಪಂದವಾಯಿತು. ಇಲ್ಲಿಯ ಒಬ್ಬರನ್ನು ಆರಿಸಿ ಮೂರು ತಿಂಗಳು ಅಲ್ಲಿಗೆ ಕರೆಸಿಕೊಳ್ಳುವುದು, ಅವರು ಅಲ್ಲಿಯ ಶಾಲೆಯಲ್ಲಿ ಪಾಠ ಮಾಡಿ ಕಲಿತು ಬರುವುದು. ರೇಣುಕಾ ಇದನ್ನು ಹೇಳುವಾಗ ಅವಳ ಕಣ್ಣು ನೋಡಬೇಕಿತ್ತು.

"ಅಲ್ಲಿ ಏನ್ ಕಲಸ್ತಾರಬೇ?" ಎಂದು ಕೇಳಿದೆ.

"ಹುಡುಗ್ರ ಕಡಿಂದ ಪ್ರಶ್ನೆ ಕೇಳ್ಸೋದು ಹ್ಯಾಂಗ ಅಂತ ಕಲಸ್ತಾರ ಮುತ್ಯಾ. ಅಲ್ಲಿ ಹುಡುಗ್ರು ಟೀಚರ್ ಕೂಡ ವಾದ ಮಾಡ್ತಾವಂತ."

ಗದ್ದಲ ಕಲಿಯಲು ಅಷ್ಟು ದೂರ ಯಾಕೆ, ಸುರಪುರದ ಬಸ್ ನಿಲ್ದಾಣ ಸಾಲದೇ ಎಂದುಕೊಂಡೆ. ಹೆಂಡತಿ ಆಗಲೇ ಜೋಳ ಬೀಸಿಸಿಕೊಂಡು ಬಂದು, ತಿಂಗಳಾದರೂ ಕೆಡದ ಕಟಕ ರೊಟ್ಟಿ ಬಡಿಯಲು ಶುರುಮಾಡಿದ್ದಳು. ಆಯ್ಕೆ ಆಗುವ ಮೊದಲೇ ಬುತ್ತಿಯೇ ಎಂದು ಕೇಳಿದ್ದಕ್ಕೆ, "ನನ್ನ ಮೊಮ್ಮಗಳನ್ನ ಬಿಟ್ಟು ಯಾರ್ನ ಆರಸ್ತಾರ ತಗೋರಿ" ಎಂದಳು.

ರೇಣುಕಾಳ ಪಾಠದ ಅಭ್ಯಾಸ ನಡೆಯುತ್ತಿದ್ದದ್ದು ನನ್ನ ಹಳೆಯ ಶಾಲೆಯಲ್ಲೇ. ಮಧ್ಯಾಹ್ನದ ಡಬ್ಬಿ ಕೊಡುವ ನೆಪದಲ್ಲಿ ನಾನೂ ಹೋಗುತ್ತಿದ್ದೆ. ವರಾಂಡದಲ್ಲಿ ನನ್ನ ಸ್ಟೂಲು ಇನ್ನೂ ಹಾಗೇ ಇತ್ತು. ಅದರ ಮೇಲೆ ಕೂತು ಆಗಾಗ ಕೆಮ್ಮುತ್ತಿದ್ದೆ. ಒಳಗೆ ತರಗತಿ ತೆಪ್ಪಗಾಗುತ್ತಿತ್ತು. ಅದು ತನ್ನ ಪಾಠದ ಗುಣವೆಂದು ಪಾಪದ ಹುಡುಗಿ ತಿಳಿದಿರಬೇಕು. ಅವಳಿಗೆ ಸಹಾಯ ಮಾಡುತ್ತಿದ್ದೇನೆಂದು ನಾನು ತಿಳಿದಿದ್ದೆ.

ಆಯ್ಕೆಗಾಗಿ ಡೆನ್ಮಾರ್ಕಿನ ಇಬ್ಬರು ಅಧ್ಯಾಪಕಿಯರು ಪಾಠ ನೋಡಲು ಬರುವ ದಿನ ನಾನು ಇಸ್ತ್ರಿ ಮಾಡಿದ ಧೋತರ ಉಟ್ಟು ಬೇಗನೆ ಹೋದೆ. ಮಕ್ಕಳನ್ನು ಸಾಲಾಗಿ ಕೂರಿಸಿ, "ದೂರದಿಂದ ಬೀಗರು ಬಂದಂಗ ಬರಾಕತ್ತಾರ. ಯಾರರೆ ಪಿಟ್ ಅಂದ್ರ ನೋಡ್ರಿ. ನಾ ಇಲ್ಲೇ ಇರ್ತೀನಿ" ಎಂದೆ. ಮಕ್ಕಳು ತಲೆಯಾಡಿಸಿದರು. ಆಗ ರೇಣುಕಾ ಇನ್ನೂ ಶಾಲೆಗೆ ಬಂದಿರಲಿಲ್ಲ. ಅವಳು ಮುದನಾಳದ ಹೊಲದ ಕರಿಮಣ್ಣು, ಹೊಳೆಯ ಮರಳು ಎರಡನ್ನೂ ಡಬ್ಬಿಗಳಲ್ಲಿ ಹೊತ್ತು ತಂದಳು. ಎರಡಕ್ಕೂ ನೀರು ಹಾಕುವುದು, ಯಾವುದರಲ್ಲಿ ಬೇಗ ಇಳಿಯುತ್ತದೆ, ಯಾಕೆ ಇಳಿಯುತ್ತದೆ ಎಂದು ಮಕ್ಕಳೇ ವಾದಿಸುವುದು. ಇದು ಅವಳ ಪಾಠ.

ಅತಿಥಿಗಳು ಹಿಂದಿನ ಬೆಂಚಿನಲ್ಲಿ ಕೂತರು. ರೇಣುಕಾ ನೀರು ಹಾಕಿ, "ಯಾಕ ಹಿಂಗಾತು, ಯಾರು ಹೇಳ್ತೀರಿ?" ಎಂದಳು. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದಳು. ಮಕ್ಕಳೆಲ್ಲ ಅವಳನ್ನು ಬಿಟ್ಟು ನಾನು ಕೂತಿದ್ದ ಬಾಗಿಲ ಕಡೆ ನೋಡಿದರು. ಎಷ್ಟು ಶಿಸ್ತು ಎಂದು ನನ್ನ ಎದೆ ಉಬ್ಬಿತು. ಕೊನೆಗೆ ಕಿಟಕಿಯ ಬದಿಯ ಒಬ್ಬ ಹುಡುಗಿ ತಡೆಯಲಾರದೆ ಕೈ ಎತ್ತಿ, "ಟೀಚರ್, ನಮ್ಮ ಹೊಲದಾಗ" ಎಂದು ಬಾಯಿ ತೆರೆದಳು.

ನಾನು ಕೆಮ್ಮಿದೆ.

ಕೈ ಕೆಳಗಿಳಿಯಿತು. ಆಮೇಲೆ ಆ ಪಾಠದಲ್ಲಿ ಮಾತಾಡಿದವಳು ರೇಣುಕಾ ಒಬ್ಬಳೇ. ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ಕೊನೆಗೆ ಎರಡೂ ಡಬ್ಬಿಗಳ ಮುಚ್ಚಳವನ್ನು ತಾನೇ ಹಾಕಿದಳು.

ವಾರ ಕಳೆದ ಮೇಲೆ ರೇಣುಕಾಳ ಕಾಲೇಜಿನ ಪ್ರಿನ್ಸಿಪಾಲರು ಯಾದಗಿರಿಯ ಹುಡುಗಿಯೊಬ್ಬಳು ಆಯ್ಕೆಯಾದದ್ದನ್ನು ತಿಳಿಸಿದರು. ರೇಣುಕಾ ಮನೆಗೆ ಬಂದು ಚೀಲ ಇಟ್ಟು ಅಜ್ಜಿಯ ಮುಂದೆ ಕೂತಳು. "ನನ್ನ ಕ್ಲಾಸಿನ ಹುಡುಗ್ರು ಅಂಜಿ ಕುಂತಿದ್ವಂತ ಆಯಿ. ಟೀಚರ್ ಹೊಡೀತಾಳೇನಂತ ಡೆನ್ಮಾರ್ಕಿನವ್ರು ಕೇಳಿದ್ರಂತ. ನಾ ಯಾವತ್ತಾರ ಯಾರಿಗರೆ ಬೈದೀನೇನು?" ಪಡಸಾಲೆಯಲ್ಲಿ ಕೂತಿದ್ದ ನನಗೆ ಎಲ್ಲ ಕೇಳಿಸಿತು. ಎದ್ದು ಹೋಗಿ ತಪ್ಪು ನನ್ನದು ಎನ್ನಬೇಕಿತ್ತು. ಎದ್ದೆ, ನೀರು ಕುಡಿದೆ, ಮತ್ತೆ ಕೂತೆ.

ಕೋರ್ಸು ಮುಗಿಯಿತು. ಅಂಥ ಅವಕಾಶ ಅವಳಿಗೆ ಇನ್ನೊಮ್ಮೆ ಇಲ್ಲ. ಡೆನ್ಮಾರ್ಕಿಗೆಂದು ಬಡಿದ ರೊಟ್ಟಿಯನ್ನು ನಾವೇ ತಿಂದೆವು. ಕಟಕ ರೊಟ್ಟಿಯನ್ನು ಸದ್ದಿಲ್ಲದೆ ತಿನ್ನುವುದು ಯಾರಿಂದಲೂ ಆಗದು. ನಮ್ಮ ಶಾಂತವಾದ ಮನೆಯಲ್ಲಿ ಎಷ್ಟೋ ದಿನ ಆ ಕಟಕಟ ಒಂದೇ ಕೇಳುತ್ತಿತ್ತು. ರೇಣುಕಾ ಈಗ ಕಕ್ಕೇರಾದ ಒಂದು ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅಲ್ಲಿ ಅವಳ ತರಗತಿಯ ಗದ್ದಲ ರಸ್ತೆಗೆ ಕೇಳುತ್ತದಂತೆ. ಇದನ್ನು ನನಗೆ ಹೇಳಿದವಳು ನನ್ನ ಹೆಂಡತಿ. ಡಬ್ಬಿಯನ್ನು ರೇಣುಕಾ ಬೆಳಿಗ್ಗೆ ತಾನೇ ಒಯ್ಯುತ್ತಾಳೆ.

ಮೊನ್ನೆ ಭಾನುವಾರ ಅವಳು ಅಂಗಳದಲ್ಲಿ ಕೂದಲು ಒಣಗಿಸಿಕೊಳ್ಳುತ್ತಿದ್ದಾಗ ಧೈರ್ಯ ಮಾಡಿ ಹೋಗಿ ನಿಂತೆ. ಆ ದಿನ ಮಕ್ಕಳಿಗೆ ಹೇಳಿದ್ದು, ಬಾಗಿಲಲ್ಲಿ ಕೂತದ್ದು, ಕೆಮ್ಮಿದ್ದು, ಎಲ್ಲ ಹೇಳಿಬಿಟ್ಟೆ. ಅವಳು ತಲೆ ಎತ್ತಲಿಲ್ಲ.

"ನಂಗ ಗೊತ್ತದ ಮುತ್ಯಾ. ಆಯ್ಕೆ ಗೊತ್ತಾದ ಮರುದಿನಾನೇ ಹುಡುಗ್ರು ಹೇಳಿದ್ವು."

"ಮತ್ತ ಇಷ್ಟು ದಿನ ಸುಮ್ನ ಯಾಕಿದ್ದಿ? ಬಾಯಿಗೆ ಬಂದಂಗ ಬೈಬೇಕಿತ್ತು ನನಗ."

"ಅವತ್ತ ಬೈಬೇಕಂತನ ಬಂದಿದ್ದೆ. ಪಡಸಾಲ್ಯಾಗ ಕುಂತಿದ್ದಿ. ಮುತ್ಯಾ ಅಂದೆ." ಅವಳು ಬಾಚಣಿಗೆಯಿಂದ ಕೂದಲು ಬಿಡಿಸಿ ತೆಗೆದು, "ನೀ ಕೆಮ್ಮಿದಿ" ಎಂದಳು.

ಆ ಕೆಮ್ಮು ನನಗೆ ನೆನಪೇ ಇಲ್ಲ. ಹಾಗೆ ನೆನಪಿಲ್ಲದವು ಎಷ್ಟಿವೆಯೋ. ಈಗ ಗಂಟಲು ಕೆರೆದರೆ ಓಣಿಯ ಕೊನೆಯ ಬೇವಿನ ಮರದವರೆಗೆ ಹೋಗಿ ಕೆಮ್ಮಿ ಬರುತ್ತೇನೆ. ಬಂದು ಪಡಸಾಲೆಯಲ್ಲಿ ಕೂತು ಕಾಯುತ್ತೇನೆ, ಒಳಗಿನಿಂದ ಯಾರಾದರೂ ಜೋರಾಗಿ ಒಂದು ಮಾತಾಡಲಿ ಎಂದು. ಇಲ್ಲಿಯವರೆಗೆ ಬೆಕ್ಕು ಮಾತ್ರ ವಾಪಸ್ಸು ಬಂದಿದೆ.