ಬಾಲ ಅಲ್ಲಾಡಿಸಿದ ಅಜ್ಜಿ

ಬೆಳಗ್ಗೆ ಎದ್ದ ಗಳಿಗೆಯೇ ಸರಿಯಿರಲಿಲ್ಲ. ಕಾಫಿ ಕುಡಿಯುವ ಮೊದಲೇ ಲೈಲ್ ಹೆಗ್ಲಂಡ್‌ಗೂ ಮಗಳು ಬ್ರಿಟಾಗೂ ಜಗಳ ಹತ್ತಿತು.

"ಕಾಲೇಜು ಪ್ರವೇಶ ಪರೀಕ್ಷೆಗೆ ಹೆಸರು ಕೊಡೇ ಅಂದ್ರೆ ಕಿವಿಗೇ ಹಾಕ್ಕೊಳ್ಳಲ್ವಲ್ಲ!"

"ಆ ಪರೀಕ್ಷೆ ಕೇಳದ ಕಾಲೇಜು ಬೇಕಾದಷ್ಟಿವೆ, ಅಪ್ಪಾ. ಸುಮ್ನಿರು."

"ಜನ್ಮದಲ್ಲಿ ಒಂದು ಸಲನಾದ್ರೂ ಅಪ್ಪನ ಮಾತು ಕೇಳು, ಮಾರಾಯ್ತಿ!" ಎಂದು ಬಾಗಿಲು ಬಡಿದು ಹೊರಟ.

ಅದೇ ಪರೀಕ್ಷೆಗೆ ವ್ಯಾಕರಣದ ಪ್ರಶ್ನೆ ಬರೆಯುವುದೇ ಅವನ ಹೊಟ್ಟೆಪಾಡು. ಅಮೆರಿಕದ ಅಯೋವಾದಲ್ಲಿ ಪರೀಕ್ಷೆ ನಡೆಸುವ ಆ ಕಚೇರಿಯಲ್ಲಿ ಅವನು ವರ್ಷಾನುಗಟ್ಟಲೆಯಿಂದ ಹಂಗಾಮಿ. "ವಿಶೇಷಣ ತಪ್ಪು ಜಾಗದಲ್ಲಿ ಕೂತಿರೋ ಒಂದು ವಾಕ್ಯ ಕೊಡಿ. ಇವತ್ತು ಸಮಿತಿ ಒಪ್ಪಿದ್ರೆ ನೀವು ಕಾಯಂ," ಎಂದಿದ್ದಳು ಮೇಲಧಿಕಾರಿ ಡೋರೀನ್.

ಲೈಲ್ ಸಮಿತಿಯ ಮುಂದೆ ಎದೆಯುಬ್ಬಿಸಿ ಓದಿದ: "ಬಾಲ ಅಲ್ಲಾಡಿಸುತ್ತಾ ಅಜ್ಜಿ ನಾಯಿಗೆ ಬ್ರೆಡ್ಡು ಹಾಕಿದಳು. ನೋಡಿ, ಬಾಲ ಅಜ್ಜಿಗೆ ಅಂಟಿಕೊಂಡಿದೆ! ಮಕ್ಕಳು ಅದನ್ನ ಕಿತ್ತು ನಾಯಿಗೆ ಹಚ್ಚಬೇಕು."

ಯಾರೂ ನಗಲಿಲ್ಲ. ಪರೀಕ್ಷೆ ಬರೆಯುವ ಯಾವ ಮಗುವಿನ ಮನಸ್ಸೂ ಕದಡಬಾರದು ಎಂದು ಕಾಯುವುದೇ ಆ ಸಮಿತಿಯ ಕೆಲಸ.

"ನಾಯಿ ಕಚ್ಚಿಸಿಕೊಂಡ ಮಕ್ಕಳಿರ್ತಾವೆ," ಎಂದ ಸಮಿತಿಯ ಮಾರ್ವಿನ್, ಡೋನಟ್ ಅಗಿಯುತ್ತಾ.

"ಸರಿ, ಬೆಕ್ಕು."

"ಬೆಕ್ಕು ಕಂಡ್ರೆ ಸೀನು ಬರೋರು?" ಎಂದಳು ಪೆಟ್ರಾ. "ಬ್ರೆಡ್ಡೂ ಬೇಡ. ಗೋಧಿ ಒಗ್ಗದ ಮಕ್ಕಳಿದಾರೆ. ಅಜ್ಜಿಯಂತೂ ಬೇಡವೇ ಬೇಡ, ಹೋದ ವಾರ ಅಜ್ಜಿ ತೀರಿಕೊಂಡಿದ್ರೆ?"

"ಯಾರ ಅಜ್ಜಿ?"

"ಯಾರದೋ ಒಬ್ಬರದು!"

ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಇಷ್ಟು: "ಅಲ್ಲಾಡಿಸುತ್ತಾ ಯಾರೋ ಯಾರಿಗೋ ಏನೋ ಕೊಟ್ಟರು." ಮಾರ್ವಿನ್ ಅದಕ್ಕೂ ಮೂಗು ಮುರಿದ. ಏನು ಅಲ್ಲಾಡಿಸಿದರು ಅನ್ನೋದು ಸ್ಪಷ್ಟವಾಗಿಲ್ಲವಂತೆ, ತಂದೆತಾಯಿಗಳು ದೂರು ಕೊಡುತ್ತಾರಂತೆ.

ಲೈಲ್‌ಗೆ ತಲೆ ಕೆಟ್ಟು ಗೊಬ್ಬರವಾಯಿತು. ಕಿಟಕಿಯಾಚೆ ಒಂದು ಬಂಡೆ ಕಾಣಿಸಿತು. ರೋಸಿಹೋಗಿ ಅಂದ: "ಮೈಯೆಲ್ಲಾ ಪಾಚಿ ಕಟ್ಟಿಕೊಂಡು ವಿಜ್ಞಾನಿ ಬಂಡೆಯನ್ನು ನೋಡಿದಳು! ಪಾಚಿ ಬಂಡೆಯದು, ವಿಜ್ಞಾನಿಯದಲ್ಲ. ಆಯ್ತಾ?"

ಎಲ್ಲರೂ ಯೋಚಿಸಿದರು. ಬಂಡೆ ಯಾರನ್ನೂ ಕಚ್ಚಿರಲಿಲ್ಲ. ಬಂಡೆಯ ಪರವಾಗಿ ನೊಂದುಕೊಳ್ಳುವವರೂ ಇರಲಿಲ್ಲ. ಪೆಟ್ರಾ ಮೊದಲು ಚಪ್ಪಾಳೆ ತಟ್ಟಿದಳು.

ಡೋರೀನ್ ಕೈ ಚಾಚಿದಳು. "ಅಂತೂ ಕಾಯಂ ಆದ್ರಿ, ಲೈಲ್! ಒಂದೇ ಮಾತು. ನಿಮ್ಮನೇಲಿ ಈ ವರ್ಷ ಯಾರೂ ಪರೀಕ್ಷೆ ಬರೀತಿಲ್ಲ ತಾನೆ? ಹಂಗಾಮಿಯವರು ನೋಡೋದು ಅವರವರ ವಾಕ್ಯ ಮಾತ್ರ, ಅದು ಪರೀಕ್ಷೆಗೆ ಬರೋಕೆ ವರ್ಷಗಳೇ ಹಿಡೀತವೆ. ಕಾಯಂ ಆದವರು ಪೂರ್ತಿ ಪತ್ರಿಕೆ ನೋಡ್ತಾರೆ. ಮನೇಲಿ ಬರೆಯೋರಿದ್ರೆ ಆ ಕೆಲಸ ಕೊಡೋ ಹಾಗಿಲ್ಲ."

ಲೈಲ್ ಹೊಟ್ಟೆ ತುಂಬಾ ನಕ್ಕ. ಮಗಳ ಹಟದ ಮೇಲೆ ಮೊದಲ ಸಲ ಪ್ರೀತಿ ಉಕ್ಕಿತು. "ನನ್ನ ಮಗಳಾ? ತಲೆಕೆಳಗಾಗಿ ನಿಂತರೂ ಬರೆಯಲ್ಲ!"

ಆಗಲೇ ಫೋನ್ ಹೊಡೆದುಕೊಂಡಿತು. ಸಂಭ್ರಮದಲ್ಲಿ ಬೆರಳು ಜಾರಿ ಸ್ಪೀಕರ್ ಒತ್ತಿಬಿಟ್ಟ.

"ಅಪ್ಪಾ! ಬೆಳಗ್ಗೆ ನಿನ್ನ ಸಪ್ಪೆ ಮುಖ ನೋಡಿ ಪಾಪ ಅನ್ನಿಸ್ತು. ಈಗಷ್ಟೇ ಪರೀಕ್ಷೆಗೆ ಹೆಸರು ಕೊಟ್ಟೆ. ಖುಷಿನಾ?"

ಡೋರೀನ್ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ಮಾರ್ವಿನ್‌ಗೆ ಮಾತ್ರ ಕಣ್ಣು ತುಂಬಿ ಬಂತು. "ಮಕ್ಕಳಂದ್ರೆ ಹೀಗಿರಬೇಕು ನೋಡಿ!"

"ಖುಷಿ ಕಣಮ್ಮಾ," ಎಂದ ಲೈಲ್, ಕಿಟಕಿಯಾಚೆಯ ಬಂಡೆಯನ್ನೇ ನೋಡುತ್ತಾ. "ತುಂಬಾ ಖುಷಿ."