ಸುದ್ದಿ ಇಲ್ಲದ ಓಟ

ನನ್ನ ಮೈದುನ ಬಿಳಿಕೆರೆಯಿಂದ ಹುಣಸೂರಿನವರೆಗೆ ಇರೋ ಊರುಗಳಲ್ಲಿ ಎಷ್ಟು ಜನರನ್ನು ಸಾಯಿಸಿದ್ದಾನೋ ಲೆಕ್ಕವಿಲ್ಲ. ಗಾಬರಿಯಾಗಬೇಡಿ! ಸತ್ತವರೆಲ್ಲ ಸಂಜೆ ಹೊತ್ತಿಗೆ ಸರಿಯಾಗಿ ಕೂತು ಮುದ್ದೆ ಉಂಡಿದ್ದಾರೆ, ಒಬ್ಬರ ಮೈಮೇಲೂ ಒಂದು ಗೀರು ಬಿದ್ದಿಲ್ಲ. ಪಾಪ, ಅವನ ಕೈಯಲ್ಲಿ ಒಂದು ಕಡ್ಡಿಯೂ ಇರುತ್ತಿರಲಿಲ್ಲ. ಅವನು ಮಾಡಿದ ತಪ್ಪು ಒಂದೇ, ಬೆಳಗ್ಗೆ ಎದ್ದು ರಸ್ತೆ ಮೇಲೆ ಓಡಿದ್ದು.

ಈಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಅದು ಮಹಾರಾಜರ ಕಾಲ. ನಮ್ಮ ಕಡೆ ರಸ್ತೆಯಲ್ಲಿ ಓಡುತ್ತಿದ್ದದ್ದು ಯಾರು? ಹಗ್ಗ ಕಿತ್ತುಕೊಂಡ ಕರು ಓಡುತ್ತಿತ್ತು. ಅದರ ಹಿಂದೆ ಬೈಯುತ್ತಾ ಅದರ ಯಜಮಾನ ಓಡುತ್ತಿದ್ದ. ಇವರಿಬ್ಬರನ್ನು ಬಿಟ್ಟರೆ ಸಾವಿನ ಸುದ್ದಿ ತರೋನು. ಯಾರಾದರೂ ತೀರಿಕೊಂಡರೆ, ಮಣ್ಣಾಗೋದರೊಳಗೆ ಮುಖ ನೋಡಿಕೊಳ್ಳಲಿ ಅಂತ ನೆಂಟರ ಊರಿಗೆ ಒಬ್ಬನನ್ನು ಓಡಿಸುತ್ತಿದ್ದರು. ಅವನು ಮನೆಯೊಳಗೆ ಕಾಲಿಡುವ ಹಾಗಿಲ್ಲ, ಬೀದಿಯಲ್ಲೇ ನಿಂತು ಸತ್ತವರ ಹೆಸರು ಹೇಳಬೇಕು. ಓಡಿ ಬರೋನು ದೂರದಲ್ಲಿ ಕಂಡರೆ ಸಾಕು, ಹೆಂಗಸರ ಕಣ್ಣು ಒಲೆ ಕಡೆ ಹೋಗುತ್ತಿತ್ತು. ಸೂತಕ ಬಂತು ಅಂದರೆ ಮಾಡಿದ ಅಡುಗೆಯೆಲ್ಲ ಬೀದಿಗೆ ಚೆಲ್ಲಬೇಕಲ್ಲ!

ಇಂಥ ಸೀಮೆಯಲ್ಲಿ ಸುಮ್ಮನೆ ಓಡಬೇಕು ಅನ್ನೋ ಆಸೆ ಇಟ್ಟುಕೊಂಡು ಹುಟ್ಟಿದವನು ನನ್ನ ಮೈದುನ.

ನಾನು ಪಿರಿಯಾಪಟ್ಟಣದ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಅವನ ಮೀಸೆ ಇನ್ನೂ ಬರಲೋ ಬೇಡವೋ ಅಂತ ಯೋಚನೆ ಮಾಡುತ್ತಿತ್ತು. ಹುಣಸೂರಿನ ಸ್ಕೂಲು ಬಿಟ್ಟು ಅಣ್ಣನ ಜೊತೆ ಹೊಲಕ್ಕೆ ಹೋಗುತ್ತಿದ್ದ. ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು ಒಂದು ಸಲ, ನಿನ್ನದು ಓಡೋ ಕಾಲು ಕಣೋ ಅಂದಿದ್ದರಂತೆ. ಮುಗೀತು! ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಹೊಗಳುವ ಪದ್ಧತಿಯೇ ಇರಲಿಲ್ಲ ನೋಡಿ, ಆ ಒಂದು ಮಾತನ್ನು ಅವನು ಎದೆಯಲ್ಲಿಟ್ಟುಕೊಂಡು ಸಾಕುತ್ತಿದ್ದ. ಆ ವರ್ಷ ಮಹಾರಾಜರ ವರ್ಧಂತಿಗೆ ಬಿಳಿಕೆರೆಯಿಂದ ನಮ್ಮೂರಿನ ಮೇಲೆ ಹಾದು ಹುಣಸೂರಿಗೆ ಓಟದ ಪಂದ್ಯ ಇಡುತ್ತಾರೆ ಅಂತ ಗೊತ್ತಾದದ್ದೇ ತಡ, ನಮ್ಮ ಮನೆಯ ನೆಮ್ಮದಿ ಹಾರಿಹೋಯಿತು.

ಮೊದಲು ಶುರುವಾದದ್ದು ಹುರುಳಿ. ಕುದುರೆ ಓಡೋದು ಹುರುಳಿ ತಿಂದು ತಾನೇ? ಹಾಗಾದರೆ ತಾನೂ ತಿನ್ನಬೇಕು! ಬೆಳಗ್ಗೆ ಬೇಯಿಸಿದ ಹುರುಳಿ, ಮಧ್ಯಾಹ್ನ ಹುರುಳಿ ಸಾರು, ರಾತ್ರಿ ಹುರುಳಿ ಬಸ್ಸಾರು. ಕೊಟ್ಟಿಗೆಯಲ್ಲಿದ್ದ ಎತ್ತುಗಳು ನನ್ನನ್ನು ನೋಡೋ ನೋಟವೇ ಬದಲಾಯಿತು. ಎತ್ತಿನ ಪಾಲು ತಿಂದವನು ಎತ್ತಿನ ಕೆಲಸಾನೂ ಮಾಡಲಿ ಅಂತ ನಮ್ಮ ಯಜಮಾನರು ರೇಗಿದರು. ಅವನು ಒಪ್ಪಿಕೊಂಡೇಬಿಟ್ಟ! ತೊಡೆಗೆ ಬಲ ಬರುತ್ತದೆ ಅಂತ ನೊಗಕ್ಕೆ ಹೆಗಲು ಕೊಟ್ಟು ನಿಂತವನನ್ನು, ಊರವರು ನೋಡಿದರೆ ಮಾನ ಹೋಗುತ್ತದೆ ಅಂತ ಯಜಮಾನರೇ ಕೈಮುಗಿದು ಬಿಡಿಸಬೇಕಾಯಿತು. ಹುರುಳಿಯಿಂದ ಆದ ಬೇರೆ ಪರಿಣಾಮಗಳನ್ನು ಮರ್ಯಾದಸ್ಥರು ಬರೆಯುವ ಹಾಗಿಲ್ಲ. ಪುಣ್ಯಕ್ಕೆ ಅವನು ಜಗಲಿ ಮೇಲೆ ಮಲಗುತ್ತಿದ್ದ.

ಆಮೇಲೆ ಚಡ್ಡಿ. ಹುಣಸೂರಿನ ಟೈಲರ್ ಸಾಹೇಬರು ಅಳತೆ ತೆಗೆದುಕೊಳ್ಳುತ್ತಾ, ಮಂಡಿಗಿಂತ ಮೇಲೆ ಹೊಲಿದರೆ ನಿಮ್ಮ ಊರಿನವರು ನಿನ್ನ ಜೊತೆ ನನ್ನನ್ನೂ ಹೊಡೀತಾರೆ ಬೇಟಾ ಅಂದು ಮಂಡಿಯಿಂದ ಒಂದು ಗೇಣು ಕೆಳಗೇ ಹೊಲಿದು ಕೊಟ್ಟರು. ಅದು ಚಡ್ಡಿಯೋ ಪೈಜಾಮವೋ ಅಂತ ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ಆ ಚಡ್ಡಿ ಹಾಕಿಕೊಂಡು ಮೊದಲನೇ ದಿನ ಓಡಿದಾಗಲೇ ಪಕ್ಕದೂರಿನಲ್ಲಿ ಒಂದು ಸಾವು. ಅಲ್ಲಿ ಒಬ್ಬ ಹೆಂಗಸಿನ ಅಣ್ಣ ಕೃಷ್ಣರಾಜನಗರದಲ್ಲಿ ಕೆಮ್ಮು ಹಿಡಿದು ಮಲಗಿದ್ದನಂತೆ. ಇವನಿಗೆ ಸರಿಯಾಗಿ ಅವಳ ಮನೆ ಮುಂದೆಯೇ ಪಕ್ಕೆ ಹಿಡಿಯಬೇಕೇ? ನಿಂತ. ಬಾಗಿದ. ಅವಳು ಕಸದ ಪೊರಕೆ ಕೆಳಗೆ ಹಾಕಿ, ನಮ್ಮಣ್ಣನಾ ಅಂತ ಕೇಳಿದಳು. ಇವನಿಗೆ ಉಸಿರೇ ಇಲ್ಲ, ಬಾಯಾರಿ ಬಾಯಿ ಕಡೆ ಕೈ ತೋರಿಸಿದ. ಪಾಪ, ಹೇಳೋಕೂ ಬಾಯಿ ಬರುತ್ತಿಲ್ಲ ಈ ಹುಡುಗನಿಗೆ ಅಂತ ಅವಳು ಎದೆ ಬಡಿದುಕೊಂಡು ಅತ್ತಳು. ಅಕ್ಕಪಕ್ಕದವರೂ ಸೇರಿಕೊಂಡರು. ಒಲೆ ಮೇಲಿದ್ದ ಸೊಪ್ಪಿನ ಸಾರು ಬೀದಿಗೆ ಬಿತ್ತು. ಉಸಿರು ಬಂದ ಮೇಲೆ ಇವನು, ಯಾರಿಗೂ ಏನೂ ಆಗಿಲ್ಲ, ನಾನು ಸುಮ್ಮನೆ ಓಡುತ್ತಿದ್ದೆ ಅಂತ ಹೇಳಿದನಂತೆ.

"ಸುಮ್ಕೆ ಓಡೋದು ಅಂದ್ರೇನ್ಲಾ?" ಅಂತ ಅವಳು ಕಣ್ಣೊರೆಸಿಕೊಂಡು ಕೇಳಿದಳಂತೆ.

ಮಾರನೇ ದಿನ ಅವಳು ಪಾತ್ರೆ ಹಿಡಿದುಕೊಂಡು ನಮ್ಮ ಮನೆಗೇ ಬಂದಳು, ಚೆಲ್ಲಿದ ಸಾರು ಕೊಡಿ ಅಂತ. ಕೊಟ್ಟೆ. ಹುರುಳಿ ಸಾರು!

ಇದಕ್ಕೆ ಅವನು ಒಂದು ಉಪಾಯ ಹುಡುಕಿದ. ಊರು ಹತ್ತಿರ ಬಂದ ಕೂಡಲೇ "ಯಾರೂ ಸತ್ತಿಲ್ಲಾ! ಯಾರೂ ಸತ್ತಿಲ್ಲಾ!" ಅಂತ ಕೂಗಿಕೊಂಡೇ ಓಡೋದು. ಬೆಳಗಿನ ಜಾವ ಇಂಥ ಕೂಗು ಕೇಳಿದರೆ ಯಾರಿಗೆ ತಾನೇ ಸಮಾಧಾನವಾಗುತ್ತದೆ ಹೇಳಿ? ಆದರೂ ನಾಯಿಗಳನ್ನು ಬಿಟ್ಟು ಮಿಕ್ಕವರೆಲ್ಲ ನಿಧಾನಕ್ಕೆ ಹೊಂದಿಕೊಂಡರು. ನಮ್ಮೂರ ಅರಳಿಕಟ್ಟೆಯ ಮೇಲೆ ಕೂರುತ್ತಿದ್ದ ಒಬ್ಬ ಮುದುಕ ಮಾತ್ರ ದಿನಾ ಬೇಜಾರು ಮಾಡಿಕೊಳ್ಳುತ್ತಿದ್ದ. ಅವನಿಗೂ ಗುರುಪುರದಲ್ಲಿದ್ದ ದಾಯಾದಿಗೂ ಬದುವಿನ ವ್ಯಾಜ್ಯ. ಇವನು ಹಾದುಹೋದಾಗಲೆಲ್ಲ, "ಒಬ್ರೂ ಇಲ್ವೇನ್ಲಾ?" ಅಂತ ಆಸೆಯಿಂದ ಕೇಳೋನು.

ಇನ್ನು ಬಸ್ಸಿನ ಕಥೆ. ಯುದ್ಧದ ಕಾಲವಾದ್ದರಿಂದ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಅನ್ನೋದು ಮರ್ಯಾದೆಯ ಮಾತು ಅಷ್ಟೇ. ಒಂದು ದಿನ ಏರು ಹತ್ತುವಾಗ ಇವನು ಮೈಸೂರು ಬಸ್ಸನ್ನು ಹಿಂದೆ ಹಾಕಿದ. ಕಂಡಕ್ಟರು, ಬಸ್ಸು ತಪ್ಪಿದವನು ಗಾಬರಿಯಲ್ಲಿ ಬಸ್ಸನ್ನೇ ದಾಟಿ ಹೋಗುತ್ತಿದ್ದಾನೆ ಅಂದುಕೊಂಡು, ನಿಲ್ಲಪ್ಪಾ ಹತ್ತಿಸಿಕೊಳ್ತೀವಿ ಅಂತ ಕೂಗಿದ. ಇವನು ಬೇಡ, ನನಗೆ ಹೊತ್ತಾಗುತ್ತದೆ ಅಂದುಬಿಟ್ಟ! ಒಳಗಿದ್ದ ಒಬ್ಬ ಶ್ಯಾನುಭೋಗರು ಅಲ್ಲೇ ಇಳಿದು, ಅವನು ಹೇಳಿದ್ದು ಸರಿ ಅಂತ ನಡೆದುಕೊಂಡು ಹೊರಟರಂತೆ.

ಹೀಗೆ ಹೇಳಿಕೊಂಡು ನಗಬಹುದು. ನಾನೂ ನಕ್ಕಿದ್ದೇನೆ. ಆದರೆ ಅವನ ಜೊತೆ ಓಡೋಕೆ ಒಬ್ಬನೂ ಇರಲಿಲ್ಲ ಕಣ್ರೀ. ಓರಗೆಯ ಹುಡುಗರು ಮೊದಲು ಗೇಲಿ ಮಾಡಿದರು, ಆಮೇಲೆ ಮಾತೇ ಬಿಟ್ಟರು. ಮದುವೆ ಮನೆಯವರು ಅಣ್ಣನನ್ನು ಕರೆಯೋರು, ಇವನ ಹೆಸರು ಎತ್ತುತ್ತಿರಲಿಲ್ಲ. ಶಕುನ ಸರಿಯಿಲ್ಲ ಅನ್ನೋರು. ಓಡಿ ಬಂದು ಜಗಲಿ ಮೇಲೆ ಒಬ್ಬನೇ ಕೂತು ಕಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದ. ನನಗೂ ಆ ಊರಿನಲ್ಲಿ ತವರಿನ ಕಡೆಯವರು ಯಾರೂ ಇರಲಿಲ್ಲ. ಯಾರ ಹತ್ತಿರವೂ ಹೇಳಿಕೊಳ್ಳಲಾರದೆ ಬಚ್ಚಲಲ್ಲಿ ಅತ್ತವಳು ನಾನು. ಅದಕ್ಕೇ ಏನೋ, ಅವನು ಬಂದು ಇವತ್ತು ಯಾರು ಸತ್ತರು ಅಂತ ಹೇಳೋದನ್ನು ದಿನಾ ಕಾಯುತ್ತಿದ್ದೆ.

ಎಲ್ಲದಕ್ಕೂ ನಗುತ್ತಿದ್ದ ಹುಡುಗ ಒಂದಕ್ಕೆ ಮಾತ್ರ ನಗುತ್ತಿರಲಿಲ್ಲ. ಅವನು ಓಡಲು ಹೊರಟರೆ ನಮ್ಮತ್ತೆ ಎದ್ದು ಅಡುಗೆಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂರೋರು. ವಾಪಸು ಬಂದು ಕಾಲು ತೊಳೆದ ಸದ್ದು ಕೇಳಿದ ಮೇಲೇ ಈಚೆ ಬರೋರು. ಹೆತ್ತ ಮಗ ಓಡೋದನ್ನು ಒಂದು ದಿನವೂ ನೋಡಿರಲಿಲ್ಲ.

ಯಾಕೆ ಅಂತ ಒಂದು ಮಧ್ಯಾಹ್ನ ರಾಗಿ ಕೇರುತ್ತಾ ಅವರೇ ಹೇಳಿದರು. ನಮ್ಮ ಮಾವ ಎತ್ತು ಕೊಳ್ಳೋಕೆ ಹಂಪಾಪುರದ ಕಡೆ ಹೋದವರು ಅಲ್ಲೇ ಜ್ವರ ಬಂದು ತೀರಿಕೊಂಡರು. ಮೈದುನ ಆಗ ಹೊಟ್ಟೆಯಲ್ಲಿದ್ದ. ರಸ್ತೆಯಲ್ಲಿ ಒಬ್ಬ ಓಡಿ ಬರೋದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದರಂತೆ. ಅಕ್ಕಪಕ್ಕದವರೆಲ್ಲ ಒಲೆ ಕಡೆ ಓಡಿದರೆ ಇವರು ಮಾತ್ರ ನಗುತ್ತಾ ನಿಂತಿದ್ದರಂತೆ.

"ನಮ್ಮೋರ್ಗೆ ಒಳ್ಳೆ ಎತ್ತು ಸಿಕ್ಕದೆ, ಅದ್ಕೇ ಆಳ್ನ ಓಡ್ಸವ್ರೆ ಅಂತ ಬೀದಿಗೆಲ್ಲ ಸಾರ್ದೆ ಕಣವ್ವ," ಅಂದರು. "ಅವತ್ತು ನಗ್ತಾ ನೋಡ್ದೋಳು ನಾನು. ಇನ್ನು ಯಾರು ಓಡೋದ್ನೂ ನನ್ ಕೈಲಿ ನೋಡಾಕಾಗಕಿಲ್ಲ."

ಮೈದುನನಿಗೂ ಇದು ಗೊತ್ತಿತ್ತು. ಪಂದ್ಯದ ಹಿಂದಿನ ದಿನ ನನ್ನ ಹತ್ತಿರ ಬಂದು, ಗೆಲ್ಲೋದು ಬುಡಿ ಅತ್ತಿಗೆ, ಅವ್ವ ಒಂದ್ಸಲ ಬಾಗಿಲಲ್ಲಿ ನಿಂತು ನೋಡಿದ್ರೆ ಸಾಕು ಅಂದ. ನಾನು ಹೇಳಿ ನೋಡುತ್ತೀನಿ ಅಂದೆ. ಹೇಳಿಯೂ ನೋಡಿದೆ. ಅತ್ತೆ ಆಗೋದಿಲ್ಲ ಅಂತ ತಲೆ ಅಲ್ಲಾಡಿಸಿದರು.

ವರ್ಧಂತಿಯ ದಿನ ನಮ್ಮೂರಿನ ಸಾಲುಮರದ ಕೆಳಗೆ ಜನವೋ ಜನ. ಹುಣಸೂರಿನವರು, ಕೋಟೆ ತಾಲ್ಲೂಕಿನವರು, ಪಿರಿಯಾಪಟ್ಟಣದವರು ಎಲ್ಲ ಓಡುತ್ತಿದ್ದರು. ಇಷ್ಟು ಜನ ಒಟ್ಟಿಗೆ ಓಡಿ ಬಂದರೆ ಎಲ್ಲೋ ಪ್ಲೇಗೇ ಬಂದಿರಬೇಕು ಅಂತ ಅರಳಿಕಟ್ಟೆಯ ಮುದುಕ ಖುಷಿಯಾಗಿದ್ದ. ದೂರದಲ್ಲಿ ಧೂಳು ಎದ್ದಿತು. ಕ್ಯಾನ್ವಾಸ್ ಬೂಟು ಹಾಕಿದ್ದ ಹುಣಸೂರಿನ ಹುಡುಗ ಮುಂದಿದ್ದ. ಅವನ ಬೆನ್ನಿಗೇ ಬರಿಗಾಲಿನಲ್ಲಿ ನಮ್ಮವನು! ಜೀವಮಾನದಲ್ಲಿ ತಮ್ಮನನ್ನು ಹೊಗಳದ ನಮ್ಮ ಯಜಮಾನರು ಟವೆಲ್ ಬೀಸಿ ಕುಣಿದರು. ಅವನನ್ನು ಮದುವೆಗೆ ಕರೆಯದವರೆಲ್ಲ ನಮ್ಮ ಹುಡುಗ, ನಮ್ಮ ಹುಡುಗ ಅಂತ ಕೂಗಿದರು.

ನಮ್ಮ ಮನೆ ಹತ್ತಿರ ಬಂತು. ಅವನು ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ನಾನೊಬ್ಬಳೇ ಇದ್ದೆ.

ಅವನು ಓಡೋದನ್ನು ನಿಲ್ಲಿಸಿಬಿಟ್ಟ.

ಕಾಲು ನೋಯುತ್ತಿರಲಿಲ್ಲ, ಪಕ್ಕೆ ಹಿಡಿದಿರಲಿಲ್ಲ. ಸಂತೆಗೆ ಹೋಗುವವನ ಹಾಗೆ ನಮ್ಮ ಮನೆ ಮುಂದೆ ನಿಧಾನವಾಗಿ ನಡೆಯತೊಡಗಿದ. ಹಿಂದಿದ್ದವರು ಒಬ್ಬೊಬ್ಬರಾಗಿ ಅವನನ್ನು ದಾಟಿಕೊಂಡು ಹೋದರು. ಓಡ್ಲಾ, ಓಡ್ಲಾ ಅಂತ ಯಜಮಾನರು ಗಂಟಲು ಹರಿದುಕೊಂಡರು. ಅವನು ಅತ್ತ ತಿರುಗಲೂ ಇಲ್ಲ. ಏದುಸಿರು ಬಿಡುತ್ತಾ ನನ್ನನ್ನೇ ನೋಡಿ ಹೇಳಿದ.

"ಅತ್ತಿಗೆ, ಅವ್ವಂಗೆ ಹೇಳಿ, ನಾನು ಓಡ್ತಿಲ್ಲ, ನಡೀತಾ ಇವ್ನಿ. ಈಗ ನೋಡ್ಬೋದು."

ನಾನು ಒಳಗೆ ಹೋಗಿ ಅತ್ತೆಯ ಬೆನ್ನಿಗೆ ಆ ಮಾತನ್ನು ಹಾಗೇ ಹೇಳಿದೆ. ಅವರು ಗೋಡೆ ಹಿಡಿದುಕೊಂಡು ಎದ್ದರು. ಹೊಸಲು ದಾಟಿದರು, ಜಗಲಿ ಇಳಿದರು, ಊರವರನ್ನು ಸರಿಸಿಕೊಂಡು ರಸ್ತೆ ಅಂಚಿಗೆ ಹೋಗಿ ನಿಂತರು. ಧೂಳು ಮೆತ್ತಿದ ಮಗನನ್ನು ತಲೆಯಿಂದ ಕಾಲವರೆಗೆ ನೋಡಿದರು.

"ಯಾಕ್ಲಾ ನಿಂತೆ? ಓಡು ಮಗ," ಅಂದರು. "ನಾನು ನೋಡ್ತೀನಿ."

ಅವನು ಓಡಿದ. ಅಷ್ಟು ಚೆನ್ನಾಗಿ ಓಡಿದ್ದನ್ನು ನಾನೂ ಅವತ್ತೇ ನೋಡಿದ್ದು. ಹುಣಸೂರಿನಲ್ಲಿ ಎಷ್ಟನೆಯವನಾಗಿ ಮುಟ್ಟಿದ ಅಂತ ಇವತ್ತಿನವರೆಗೂ ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ. ಅತ್ತೆ ಸೆರಗು ಬಿಗಿ ಹಿಡಿದು, ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಲೇ ನಿಂತಿದ್ದರು. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಅಷ್ಟು ಹೊತ್ತು ಮಗ ಕಾಣುತ್ತಿರಲಿಲ್ಲವಲ್ಲ.